ಕಿವಿಯಂತ್ರದ ಬೀಗ

ಹಾರ್ಮೋನಿಯಂ ರಿಪೇರಿ ಮಾಡುವ ಪೆಟ್ಟಿಗೆ ಮೇಷ್ಟ್ರಿಗೆ ಕಿವಿ ಮಂದವಾಗಿ, ಹೊಸ ಕಿವಿಯಂತ್ರ ಬಂದಿತ್ತು. ಮಾತೇನೋ ಸ್ಪಷ್ಟವಾಗಿ ಕೇಳುತ್ತಿತ್ತು. ಸ್ವರ ಮಾತ್ರ ಕೈಕೊಡುತ್ತಿತ್ತು. ಒತ್ತಿ ಹಿಡಿದರೆ ಅರೆಗಳಿಗೆ ಮೊಳಗಿ ಮಾಯ. ಒಂದೇ ಸಮನೆ ಬರುವ ಸದ್ದೆಲ್ಲ ಯಂತ್ರದ ಪಾಲಿಗೆ ಗದ್ದಲವಂತೆ, ಅದನ್ನು ಅಳಿಸಿಬಿಡುತ್ತದಂತೆ. ಜೀವಮಾನವಿಡೀ ಅಂಥ ಸದ್ದನ್ನೇ ತಿದ್ದಿ ಹೊಟ್ಟೆ ಹೊರೆದವರಿಗೆ ಇದಕ್ಕಿಂತ ಅವಮಾನ ಬೇಕೆ?

"ಆ ಅಳಿಸೋದನ್ನ ನಿಲ್ಸೋಕೆ ಕಂಪನಿ ಬಿಡಲ್ಲ ಸಾರ್, ಸಾಫ್ಟ್‌ವೇರಿಗೆ ಬೀಗ ಹಾಕಿದಾರೆ," ಎಂದು ಯಂತ್ರ ಮಾರಿದ ಅಂಗಡಿಯವನು ಕೈತೊಳೆದುಕೊಂಡ.

"ದುಡ್ಡು ನಂದು, ಕಿವಿ ನಂದು. ಬೀಗ ಮಾತ್ರ ಅವರದಾ?"

"ಬೇರೆಯವರು ಕೈಹಾಕಿದ್ರೆ ಆಮೇಲೆ ನಾವು ಮುಟ್ಟಲ್ಲ."

ಬೇರೆ ಮನೆಯಲ್ಲಿದ್ದ ಸೊಸೆ ಮೊಬೈಲ್ ರಿಪೇರಿಯಲ್ಲಿ ಪಳಗಿದವಳು. ಲ್ಯಾಪ್‌ಟಾಪ್ ಹಿಡಿದು ಬಂದಳು. "ಬೀಗ ತೆಗೀಬೋದು ಮಾವ. ಎಡವಟ್ಟಾದ್ರೆ ಮಾತೂ ಕೇಳ್ಸಲ್ಲ, ನೋಡಿ."

ಮೇಷ್ಟ್ರಿಗೆ ಭಯವಾಯಿತು. ಯಂತ್ರ ಬರುವ ಮುಂಚೆ ಹೆಂಡತಿ ಕೂಗಿ ಕೂಗಿ ಸಾಕಾಗಿ ಮಾತನ್ನೇ ಬಿಟ್ಟಿದ್ದಳು. ಆ ಮೌನ ಅವರಿಗೆ ಮತ್ತೆ ಬೇಡವಾಗಿತ್ತು.

"ತೆಗೆಸ್ಬೇಡಿ ರೀ," ಎಂದಳು ಹೆಂಡತಿ. "ನಾನು ಕರೆದ್ರೆ ಓಗೊಡ್ತೀರಲ್ಲ, ಅಷ್ಟು ಸಾಕು."

"ಪೆಟ್ಟಿಗೆ ಕರೆದ್ರೂ ಓಗೊಡ್ಬೇಕಲ್ಲೇ."

ಸೊಸೆ ಬೀಗ ತೆಗೆದು, ಯಂತ್ರವನ್ನು ಅವರ ಕಿವಿಗಿಟ್ಟು ಮನೆಗೆ ಹೊರಟಳು. ಫ್ಯಾನು, ಬೀದಿ, ನಲ್ಲಿ ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದವು. ಮೇಷ್ಟ್ರು ಪೆಟ್ಟಿಗೆ ಎಳೆದುಕೊಂಡು ಸ್ವರ ಒತ್ತಿದರು. ತಿದಿಯ ಗಾಳಿ ಮುಗಿಯುವವರೆಗೂ ಅದು ನಿಂತಿತು. ಅವರ ಕಣ್ಣು ತುಂಬಿ ಬಂತು.

ಆದರೆ ಸ್ವರ ಮುಗಿದ ಮೇಲೂ ಸುಯ್ಯೆನ್ನುವ ಎಳೆಯೊಂದು ಉಳಿಯಿತು. ತಿದಿ ಸೋರುತ್ತಿದೆ! ಫ್ಯಾನು ಆರಿಸಿ, ಮಡಿಕೆ ಮಡಿಕೆಗೂ ಕೆನ್ನೆಯಿಟ್ಟು ಗಾಳಿ ಹುಡುಕಿದರು. ಸಿಗಲಿಲ್ಲ. ಅನುಮಾನದ ಜಾಗಕ್ಕೆಲ್ಲ ಚರ್ಮ ಅಂಟಿಸಿದರು. ಕೊನೆಗೆ ಪೆಟ್ಟಿಗೆ ಮುಚ್ಚಿಟ್ಟರೂ ಸದ್ದು ನಿಲ್ಲಲಿಲ್ಲ.

ಮೇಷ್ಟ್ರು ತಲೆ ಎತ್ತಿದರು. ಗೋಡೆಗೊರಗಿದ್ದ ಹೆಂಡತಿ ಅಂಗೈಯಿಂದ ಬಾಯಿ ಒತ್ತಿಕೊಂಡಳು. ಸದ್ದು ತಗ್ಗಿತು.

"ಯಾವಾಗಿಂದ ಈ ಉಬ್ಬಸ?"

"ಯಂತ್ರ ಬರೋಕೂ ಮುಂಚಿಂದ. ಅದು ಬಂದಾಗ ನಿಮಗೆ ಗೊತ್ತಾಗತ್ತೆ ಅಂತ ಹೆದರಿದ್ದೆ. ಬಂದ್ಮೇಲೂ ನಿಮಗೆ ಕೇಳ್ಸಲಿಲ್ಲ."

ಮೇಷ್ಟ್ರು ಅವಳ ಬೆನ್ನಿಗೆ ಕೆನ್ನೆಯಿಟ್ಟರು. ಒಳಗೆ ಗಾಳಿ ಇಕ್ಕಟ್ಟಿನಲ್ಲಿ ನುಸುಳಿ ನುಸುಳಿ ಹೋಗುತ್ತಿತ್ತು. ಇಷ್ಟು ಕಾಲ ಯಂತ್ರ ಗದ್ದಲವೆಂದು ಅಳಿಸಿದ್ದು ಇದನ್ನೂ. ಅವರಿಗೆ ಸಂಕಟ ತಡೆಯಲಾಗಲಿಲ್ಲ.

"ಏಳು, ಡಾಕ್ಟರ ಹತ್ರ ಹೋಗೋಣ."

"ಆ ಬೀಗ ಮತ್ತೆ ಹಾಕಿಸ್ಕೊಳ್ಳಿ ರೀ," ಎಂದಳು ಅವಳು, ಚಪ್ಪಲಿ ಮೆಟ್ಟುತ್ತ.

ಮೇಷ್ಟ್ರು ಬೀದಿಯುದ್ದಕ್ಕೂ ಅವಳ ಉಸಿರನ್ನೇ ಕೇಳುತ್ತ ನಡೆದರು.