ಎಂಬ ಇಲ್ಲದ ಹೆಸರು

ತಮಟೆಯವನು ಊರಿಗಾಂ ಚಿನ್ನದ ಗಣಿಯ ಕಾರ್ಮಿಕರ ಲೈನುಗಳಲ್ಲಿ ಕೂಗಿಕೊಂಡು ಹೋದದ್ದು ಇಷ್ಟೇ: "ಶನಿವಾರ ರಾತ್ರಿ ತಗಡಿನ ಕೊಟ್ಟಿಗೆಯಲ್ಲಿ ಮನೆಬಿಟ್ಟ ಅಶ್ವತ್ಥಮ್ಮ. ತಪ್ಪದೆ ಬನ್ನಿ, ನೋಡಿ ಆನಂದಿಸಿ."

ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾಗಿದ್ದಂತೆಯೇ ಓದಿದ್ದ. ಅದು ಬಂಗಾರಪೇಟೆಗೆ ಬಂದಿಳಿದು ತಗಡಿನ ಕೊಟ್ಟಿಗೆ ಹಾಕಿದ್ದ ಕಂಪನಿಯ ನಾಟಕದ ಹೆಸರು. ಆದರೆ ಲೈನಿನ ಮನೆಮನೆಗೂ ಹಾಲು ಹಾಕುವವಳೂ ಅಶ್ವತ್ಥಮ್ಮನೇ.

ನಲ್ಲಿಯ ಹತ್ತಿರ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗಣಿಗೆ ಇಳಿಯುವಾಗ ಜೊತೆ ಕೆಲಸದ ಆರುಮುಗಂ ಅವಳ ಗಂಡ ಮುನಿನಾರಾಯಣಪ್ಪನನ್ನು ಎಲ್ಲರೆದುರಿಗೇ ಕೇಳಿದ: "ಏನಣ್ಣಾ, ನಿಮ್ಮನೆಯೋರ ಆಟಕ್ಕೆ ನಮಗೆ ಪುಕ್ಸಟ್ಟೆ ಬಿಡ್ತೀರಾ?"

ಪಾಳಿ ಮುಗಿಸಿ ಬಂದ ಗಂಡ ಬಯ್ಯಲಿಲ್ಲ, ಹೊಡೆಯಲಿಲ್ಲ. ಚಾಪೆಯನ್ನು ಜಗಲಿಗೆ ಎಸೆದ. "ಅದು ನೀನಲ್ಲ ಅಂತ ಅದೇ ತಮಟೆಯೋನ ಬಾಯಲ್ಲಿ ಏಳ್ಸು. ಅಲ್ಲೀಗಂಟ ನಾನು ಒಳೀಕೆ ಬರಾಕಿಲ್ಲ" ಎಂದ.

ಅಶ್ವತ್ಥಮ್ಮನಿಗೆ ನೆತ್ತಿ ಉರಿಯಿತು. ಬೆಳಗಿನ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದವಳು ಮುಖಕ್ಕೆ ನೀರು ಕೂಡ ಹಾಕಿಕೊಳ್ಳದೆ ಆ ಕಾಗದ ಅಚ್ಚಾದ ಅಚ್ಚುಕೂಟಕ್ಕೆ ನುಗ್ಗಿದಳು.

ಅಚ್ಚುಕೂಟದ ಕೋದಂಡಪ್ಪ ಮೊದಲು ನಕ್ಕ. ನಾಟಕದ ಹೆಸರೆಂದು ಯಾರಿಗಾದರೂ ಗೊತ್ತಾಗುತ್ತದೆ, ಇಷ್ಟಕ್ಕೆಲ್ಲ ರೈಲು ಹತ್ತಿಕೊಂಡು ಬರುತ್ತಾರೆಯೇ ಎಂದ. ಅವಳ ಕಣ್ಣು ನೋಡಿ ನಗು ನಿಲ್ಲಿಸಿದ. ಅಚ್ಚಿನ ಮೊಳೆಗಳನ್ನು ಬಿಚ್ಚಿ, ಹೆಸರಿನ ಹಿಂದೊಂದು ಮುಂದೊಂದು ಉದ್ಧರಣ ಚಿಹ್ನೆಯ ಕೊಕ್ಕೆ ಸಿಕ್ಕಿಸಿದ. ಕೊಕ್ಕೆಯೊಳಗಿದ್ದರೆ ನಾಟಕ, ಹೊರಗಿದ್ದರೆ ಮನುಷ್ಯರು ಎಂದು ವಿವರಿಸಿದ.

"ಓದಿ ಸ್ವಾಮಿ."

ಓದಿದ. ಶನಿವಾರ ರಾತ್ರಿ ತಗಡಿನ ಕೊಟ್ಟಿಗೆಯಲ್ಲಿ ಮನೆಬಿಟ್ಟ ಅಶ್ವತ್ಥಮ್ಮ.

"ಕೊಕ್ಕೆ ಎಲ್ಲೋಯ್ತು?"

"ಕೊಕ್ಕೇನ ಯಾರಾದ್ರೂ ಓದ್ತಾರೇನಮ್ಮಾ? ಅದು ಕಣ್ಣಿಗೆ."

"ನನ್ನ ಮಾನ ಓಗಿದ್ದು ಕಿವೀಲಿ ಕಣಯ್ಯಾ."

ಹೆಸರನ್ನು ದಪ್ಪಕ್ಷರದಲ್ಲಿ ಕೂರಿಸುತ್ತೇನೆ ಎಂದ ಕೋದಂಡಪ್ಪ. ಹಾಗಾದರೆ ತಮಟೆಯವನು ಇನ್ನೂ ಜೋರಾಗಿ ಕೂಗುತ್ತಾನೆ ಎಂದು ಅವಳು ಬಾಗಿಲಿಗೆ ಅಡ್ಡ ಕೂತಳು. ಮದುವೆ ಕಾಗದ ಮಾಡಿಸಲು ಬಂದವರು ಹೊರಗೇ ನಿಂತರು. ಅವನಿಗೂ ರೇಗಿತು. "ಪುರಾಣ ಓದೋರ ಥರ ಎಂಬ ಅಂತ ಸೇರಿಸ್ತೀನಿ, ಎದ್ದೋಗು ತಾಯಿ" ಎಂದು ಹಲ್ಲು ಕಡಿದ. ಸಾಲಿನಲ್ಲಿ ಜಾಗವಿರಲಿಲ್ಲ. ಕಂಪನಿ ಯಜಮಾನರ ಬಿರುದುಗಳಲ್ಲಿ ಒಂದನ್ನು ಕಿತ್ತು ಹಾಕಿ, ಮತ್ತೆ ಓದಿದ: "ಮನೆಬಿಟ್ಟ ಅಶ್ವತ್ಥಮ್ಮ ಎಂಬ ನಾಟಕ."

ಗುಡಿಯಲ್ಲಿ ಭಾರತ ಓದುವವರು ಸಂಧಿಯ ಹೆಸರು ಹೇಳಿ "ಎಂಬಲ್ಲಿಗೆ" ಎಂದು ಪುಸ್ತಕ ಮುಚ್ಚುವುದನ್ನು ಕೇಳುತ್ತಲೇ ಬೆಳೆದವಳು ಅವಳು. ಆ ಮಾತು ಬಿದ್ದೊಡನೆ ಕಥೆಯೇ ಬೇರೆ, ಕೂತು ಕೇಳುವವರೇ ಬೇರೆ. ಎದ್ದು ದಾರಿ ಬಿಟ್ಟಳು. ಸಿಟ್ಟು ಮಾತ್ರ ಅವಳ ಜೊತೆಗೇ ರೈಲು ಹತ್ತಿತು.

ಮರುದಿನ ತಮಟೆಯವನು ಹೊಸ ಕಾಗದ ಹಿಡಿದು ಕೂಗಿದ. ಎಂಬ ನಾಟಕ, ಎಂಬ ನಾಟಕ ಎಂದು ಹುಡುಗರೂ ಅವನ ಹಿಂದೆ ಕೂಗಿದರು. ಮುನಿನಾರಾಯಣಪ್ಪ ಹಲ್ಲು ಕಿರಿದು ಚಾಪೆ ಸುತ್ತಿಕೊಂಡು ಹೊಸ್ತಿಲಿಗೆ ಬಂದ.

"ಕೇಳೋರಿಗೆ ಎಂಬ ಬೇಕು, ಸರಿ" ಎಂದಳು ಅಶ್ವತ್ಥಮ್ಮ. "ದಿನಾ ನಾನಿಕ್ಕಿದ್ ಅನ್ನ ಉಣ್ಣೋ ನಿಂಗೂ ಬೇಕಾಯ್ತಾ?"

ಬಾ ಎಂದೂ ಅನ್ನದೆ, ಬೇಡವೆಂದೂ ಅನ್ನದೆ ಅವಳು ಹಾಲಿನ ಬಿಂದಿಗೆ ಎತ್ತಿಕೊಂಡು ಅವನನ್ನು ದಾಟಿ ಹೋದಳು. ಆವತ್ತು ನಕ್ಕಿದ್ದ ಲೈನಿನ ಒಂದು ಮನೆಗೂ ಅಳತೆಯ ಮೇಲೆ ಕೊಸರು ಹಾಕಲಿಲ್ಲ.