ತೊಳೆಯದ ಗೊಟ್ಟ

"ನಿಮ್ಮಲ್ಲಿ ಯಾರು ಯಾರ ಮನೆಗೆ ಏನಾಗಿ ಹೋಗ್ತೀರಪ್ಪಾ?"

ಹಳ್ಳದ ದಂಡೆಯ ಬಿದಿರು ಮೆಳೆಯ ಮುಂದೆ ನಿಂತು ಮೇದರ ಸಣ್ಣತಮ್ಮಯ್ಯ ಹೀಗೆ ಕೇಳಿದ. ಸುತ್ತಮುತ್ತ ನರಪಿಳ್ಳೆ ಇರಲಿಲ್ಲ. ಅವನ ಪದ್ಧತಿಯೇ ಹಾಗೆ, ಕತ್ತಿ ಎತ್ತುವ ಮೊದಲು ಒಂದು ಮಾತು ಕೇಳುತ್ತಿದ್ದ. ಉತ್ತರ ಕೊಡಲು ಬಿದಿರುಗಳಾದ ನಮಗೆ ತಾನೆ ಏನು ಗೊತ್ತಿತ್ತು? ಅವನು ಕಡಿದ ಗಳುವಿನ ನಡುಭಾಗ ಸೀಳಿಸಿಕೊಂಡು ಮಂಕರಿಯಾಯಿತು. ತುದಿ ಯಾರದೋ ಹಿತ್ತಲಿನ ಅವರೆ ಬಳ್ಳಿಗೆ ಊರುಗೋಲಾಯಿತು. ಬುಡದ ಒಂದು ಮೊಳದ ತುಂಡು ನಾನು. ಒಂದು ಕಡೆ ಗೆಣ್ಣನ್ನು ಹಾಗೆಯೇ ಉಳಿಸಿದ, ಅದು ನನ್ನ ತಳವಾಯಿತು. ಇನ್ನೊಂದು ಕಡೆ ಓರೆಯಾಗಿ ಕೊಯ್ದ, ಅದು ನನ್ನ ಬಾಯಿ.

ನಾನು ಒಂದು ಗೊಟ್ಟ. ದನಕರುಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಈಗಿನ ಕಾಲದವರು ನನ್ನನ್ನು ನೋಡಿ ಹೂದಾನಿಯೇ ಎಂದು ಕೇಳುತ್ತಾರೆ. ಕೇಳಲಿ. ಗುಡ್ಡೇನಹಳ್ಳಿಯ ಮೂರು ತಲೆಮಾರಿನ ದನಗಳು ನನ್ನ ರುಚಿ ಬಲ್ಲವು. ಅಷ್ಟು ಸಾಕು ನನಗೆ.

ಸಂತೆಯಲ್ಲಿ ನನ್ನನ್ನು ಆರಿಸಿಕೊಂಡವರು ಚನ್ನಿಗಪ್ಪನವರು. ರಾಶಿಯಲ್ಲಿ ಹತ್ತಾರು ಗೊಟ್ಟಗಳಿದ್ದವು. ಅವರು ಒಂದೊಂದನ್ನೂ ಎತ್ತಿ, ಬಾಯಂಚಿನ ಮೇಲೆ ಬೆರಳಾಡಿಸಿ ಕೆಳಗಿಟ್ಟರು. ನನ್ನ ಸರದಿ ಬಂದಾಗ ಬೆರಳು ಸಾಲದೆಂದು ನಾಲಗೆಯನ್ನೇ ಆಡಿಸಿದರು.

"ಏನ್ ಗೌಡ್ರೇ, ನೀವೇ ಕುಡಿಯೋ ಹಂಗದೆ?" ಎಂದ ಸಣ್ಣತಮ್ಮಯ್ಯ.

"ಕುಡಿಯೋದು ಮೂಕ ಪ್ರಾಣಿ ಕಣಯ್ಯ. ನಾಲ್ಗೆ ಕುಯ್ದ್ರೆ ಹೇಳ್ಕೊಳಾಕೂ ಬರಕಿಲ್ಲ ಅದ್ಕೆ."

ಆ ಮಾತಿಗೆ ನಾನು ಅವರವನಾದೆ. ಮನೆಗೆ ಒಯ್ದು ಗಾಜಿನ ಚೂರಿನಿಂದ ನನ್ನ ಅಂಚನ್ನು ಹೆರೆದರು. ಎಂಟು ದಿನ ಹರಳೆಣ್ಣೆ ಕುಡಿಸಿದರು. ಕುತ್ತಿಗೆಗೆ ಕತ್ತದ ಹುರಿ ಕಟ್ಟಿ ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿದರು. ಕೆಳಗೆ ಎರಡು ಹಸು, ಒಂದು ಜೊತೆ ಎತ್ತು ಮೆಲುಕು ಹಾಕುತ್ತ ನಿಂತಿದ್ದವು. ಅಂದಿನಿಂದ ನಾನು ಜಗತ್ತನ್ನು ನೋಡಿದ್ದು ದನದ ಮೂಗಿನ ಹೊಳ್ಳೆಯ ಎತ್ತರದಿಂದ.

ಚನ್ನಿಗಪ್ಪನವರಿಗೆ ಓದು ಬರುತ್ತಿರಲಿಲ್ಲ. ಆದರೆ ಚಿಕ್ಕಂದಿನಿಂದ ಶ್ರಾವಣ ಮಾಸದಲ್ಲಿ ಗುಡಿಯ ಜಗಲಿಯ ಮೇಲೆ ಕುಳಿತು ಕಾವ್ಯ ವಾಚನ ಕೇಳಿದವರು. ಕೇಳಿದ್ದೆಲ್ಲ ಕಂಠದಲ್ಲಿ ನಿಂತಿತ್ತು. ಅದು ಕೆಲಸಕ್ಕೆ ಬರುತ್ತಿದ್ದುದು ನನ್ನ ಜೊತೆ. ದನಕ್ಕೆ ಔಷಧಿಯನ್ನು ಒಮ್ಮೆಲೇ ಸುರಿಯಬಾರದು, ಸುರಿದರೆ ಶ್ವಾಸಕ್ಕೆ ಇಳಿಯುತ್ತದೆ. ಅವರು ಎಡಗೈಯಲ್ಲಿ ದವಡೆ ಎತ್ತಿ, ನನ್ನನ್ನು ಬಾಯಿಯ ಪಕ್ಕದಿಂದ ಒಳಗಿಟ್ಟು, ಪದ್ಯದ ಒಂದು ಸಾಲು ಹೇಳಿ ಒಂದು ಗುಟುಕು ಬಿಡುತ್ತಿದ್ದರು. ಗಂಟಲಿಗೆ ಇಳಿದದ್ದು ಕಂಡ ಮೇಲೆ ಮುಂದಿನ ಸಾಲು. ಔಷಧಿಯೂ ಪದ್ಯವೂ ಒಟ್ಟಿಗೆ ಮುಗಿಯುತ್ತಿದ್ದವು. ಎಷ್ಟೋ ದನಗಳು ದೇವರ ಕಥೆಯನ್ನು ಜೀರಿಗೆ ಕಷಾಯದ ಜೊತೆ ಕೇಳಿವೆ. ನಾನಂತೂ ಒಳಗೆಲ್ಲ ಟೊಳ್ಳು. ಬಂದದ್ದೆಲ್ಲ ನನ್ನೊಳಗೆ ಇಳಿಯಿತು.

ಒಮ್ಮೆ ಎದುರುಮನೆ ದ್ಯಾವಮ್ಮನ ಎತ್ತು ಹಸಿ ಹುರುಳಿ ಸೊಪ್ಪು ತಿಂದು ಹೊಟ್ಟೆ ಉಬ್ಬಿಸಿಕೊಂಡಿತು. ನೆಲಕ್ಕೆ ಬಿದ್ದಿತ್ತು, ಕಣ್ಣು ಮೇಲಾಗಿತ್ತು. ಚನ್ನಿಗಪ್ಪನವರು ಎಣ್ಣೆಗೆ ಇಂಗು ಕಲಸಿ ನನ್ನಿಂದ ಕುಡಿಸಿದರು. ನಾಲ್ಕು ಪದ್ಯ ಮುಗಿದವು. ಐದನೆಯದರ ನಡುವೆ ಎತ್ತು ದೊಡ್ಡದಾಗಿ ತೇಗಿತು. ದ್ಯಾವಮ್ಮ ಅಲ್ಲಿಯೇ ನನಗೆ ಕೈಮುಗಿದಳು. "ಅಯ್ಯೋ ನಂಗೆ ಮುಗಿಯಲೇ" ಎಂದು ಚನ್ನಿಗಪ್ಪ ನಕ್ಕರು. "ನೀನು ಸುಮ್ಕಿರಣ್ಣೋ, ಕೈಗುಣ ಈ ಗೊಟ್ಟದ್ದು" ಎಂದಳು.

ಆ ದಿನದಿಂದ ನಾನು ಊರಿನ ಗೊಟ್ಟವಾದೆ. ನನ್ನ ಸುತ್ತ ಕಟ್ಟಳೆಗಳು ಬೆಳೆದವು. ಕೇಳಿದವರಿಗೆ ಇಲ್ಲ ಅನ್ನಬಾರದು, ಒಯ್ದವರು ಬರಿದಾಗಿ ಹಿಂದಿರುಗಿಸಬಾರದು. ಹಿಡಿ ರಾಗಿಯೋ, ಹಿಡಿ ಹುರುಳಿಯೋ ಹಾಕಿಯೇ ತಂದು ಕೊಡುತ್ತಿದ್ದರು. ಮೂರನೆಯ ಕಟ್ಟಳೆಯನ್ನು ಯಾರು ಹೇಳಿದರೋ ತಿಳಿಯದು, ಎಲ್ಲರೂ ಪಾಲಿಸಿದರು: ಗೊಟ್ಟವನ್ನು ನೀರಿನಿಂದ ತೊಳೆಯಬಾರದು. ತೊಳೆದರೆ ಕೈಗುಣ ನೀರಿನ ಜೊತೆ ಹರಿದುಹೋಗುತ್ತದೆ. ಒಣ ಹುಲ್ಲಿನ ಕುಚ್ಚು ತೂರಿಸಿ ಒರೆಸಿದರೆ ಮುಗಿಯಿತು. ಇಪ್ಪತ್ತೈದು ವರ್ಷ ನನ್ನೊಳಗೆ ಒಂದು ಹನಿ ಬರಿನೀರು ಬೀಳಲಿಲ್ಲ. ಅದು ನನಗೆ ಹೆಮ್ಮೆಯಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಚನ್ನಿಗಪ್ಪನವರ ಕೈ ನಡುಗತೊಡಗಿದಾಗ ನನ್ನನ್ನು ಸೊಸೆ ನಿಂಗಾಜಮ್ಮನ ಕೈಗೆ ಕೊಟ್ಟರು. ಮಗ ಇದ್ದ, ಆದರೆ ಅವನಿಗೆ ತಾಳ್ಮೆ ಕಡಿಮೆ. ನಿಂಗಾಜಮ್ಮನ ತವರು ಬಿಳಿಗುಂದ. ಮದುವೆಯಲ್ಲಿ ಅವಳ ಅಣ್ಣ ಪುಟ್ಟಸಿದ್ದ ತವರಿನ ಉಡುಗೊರೆಯಾಗಿ ಒಂದು ಹಸುವನ್ನು ಹನ್ನೊಂದು ಮೈಲಿ ನಡೆಸಿಕೊಂಡು ತಂದು ಈ ಕೊಟ್ಟಿಗೆಯಲ್ಲಿ ಕಟ್ಟಿದ್ದ.

"ಪದ ಹೇಳಾಕೆ ನಾಚ್ಕೆ ಆಯ್ತದೆ ಮಾವ" ಎಂದಳು ನಿಂಗಾಜಮ್ಮ ಮೊದಲ ದಿನ.

"ದನ ಏನು ತಪ್ಪು ಹಿಡಿದದಾ ಮಗಾ? ಹೇಳು. ಇನ್ನೊಂದು ಮಾತು. ಯಾರಾದ್ರೂ ಬಂದು ಗೊಟ್ಟ ಕೇಳಿದ್ರೆ ಇಲ್ಲ ಅನ್ನಬ್ಯಾಡ. ನಾನು ಇದುವರ್ಗೂ ಅಂದೋನಲ್ಲ."

ಅವಳು ಹೂಂ ಅಂದಳು. ಅವರು ಹೋದ ಮೇಲೂ ಆ ಮಾತು ನಡೆಸಿದಳು. ಪದ್ಯಗಳನ್ನೂ ಕಲಿತಳು. ಅವಳ ದನಿ ಚಿಕ್ಕದು, ಆದರೆ ಸಾಲು ತಪ್ಪುತ್ತಿರಲಿಲ್ಲ.

ಕಾಲ ಬದಲಾಯಿತು. ಎತ್ತುಗಳು ಹೋಗಿ ಸೀಮೆ ಹಸುಗಳು ಬಂದವು. ಬೆಳಿಗ್ಗೆ ಸಂಜೆ ಡೈರಿಯ ಮುಂದೆ ಕ್ಯಾನುಗಳ ಸಾಲು. ನಿಂಗಾಜಮ್ಮನ ಕೊಟ್ಟಿಗೆಯಲ್ಲಿ ಮೂರು ಕರೆಯುವ ಹಸುಗಳಿದ್ದವು. ತವರಿನ ಹಸುವಿನ ಮೊಮ್ಮಗಳು ಶುಕ್ರಿಯೂ ಅವುಗಳಲ್ಲಿ ಒಬ್ಬಳು. ಶುಕ್ರವಾರ ಹುಟ್ಟಿದವಳು. ಅವಳ ಪಕ್ಕದಲ್ಲಿ ಎರಡು ತಿಂಗಳ ಹೆಣ್ಣುಗರು, ಹಣೆಯ ಮೇಲೆ ಬಿಳಿಯ ಚುಕ್ಕೆ.

ಆ ವರ್ಷ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆಸ್ಪತ್ರೆಯವರು ಬಂದ ದಿನ ಅರ್ಧ ಊರು ದನಗಳನ್ನು ಮುಂಜಾನೆಯೇ ಹೊಲದ ಕಡೆ ಹೊಡೆದುಬಿಟ್ಟಿತು. ಸೂಜಿ ಹಾಕಿಸಿದರೆ ನಾಲ್ಕು ದಿನ ಹಾಲು ಇಳಿಯುತ್ತದೆಂಬ ಭಯ. ಶುಕ್ರಿಯದು ತುಂಬಿದ ಕೆಚ್ಚಲು. ನಿಂಗಾಜಮ್ಮನೂ ಹಾಗೆಯೇ ಮಾಡಿದಳು.

ತಿಂಗಳೆರಡು ಕಳೆದಿರಬಹುದು. ಕೆಳಗಲ ಬೀದಿಯ ಮಾಯಣ್ಣ ದೂರದ ಸಂತೆಯಿಂದ ಹೊಸ ಹಸು ತಂದ. ಮೂರನೆಯ ದಿನ ಅದು ಮೇವು ಬಿಟ್ಟಿತು. ಜೊಲ್ಲು ನೂಲಿನಂತೆ ಇಳಿಯಿತು. ಮಾಯಣ್ಣ ನನ್ನನ್ನು ಒಯ್ದು ಗಂಜಿ ಕುಡಿಸಿದ. ಆ ಹಸುವಿನ ನಾಲಗೆಯ ಮೇಲೆ ಬೊಬ್ಬೆ ಒಡೆದು ಕೆಂಪಗೆ ಸುಲಿದಿತ್ತು. ನನ್ನ ಬಾಯಿ ತಾಗಿದಾಗ ಅದು ನಡುಗಿತು. ನಾನು ನನ್ನಷ್ಟಕ್ಕೆ ಧೈರ್ಯ ಹೇಳಿದೆ, ನಾನಿದ್ದೇನೆ, ಹೆದರಬೇಡ ಎಂದು.

ರೋಗ ಬಂದಿದೆಯೆಂಬ ಸುದ್ದಿ ಹಬ್ಬಿದ್ದೇ ತಡ, ಊರಿಗೆ ಎಚ್ಚರ ಬಂತು. ನಮ್ಮ ಮನೆಗೆ ಬಾರದಿರಲಿ ಎಂದು ಎಲ್ಲರೂ ಮುಂಚಿತವಾಗಿಯೇ ಬೇವಿನ ಕಷಾಯ ಕಾಯಿಸಿದರು. ಕುಡಿಸಲು ಕೈಗುಣದ ಗೊಟ್ಟವೇ ಬೇಕು. ಮಾಯಣ್ಣನ ಮನೆಯಿಂದ ದ್ಯಾವಮ್ಮ ನನ್ನನ್ನು ಇಸಿದುಕೊಂಡಳು, ಅವಳಿಂದ ಪಕ್ಕದವರು, ಅವರಿಂದ ಮೇಲಿನ ಮನೆಯವರು. ಹುಲ್ಲಿನ ಕುಚ್ಚಿನಲ್ಲಿ ಒರೆಸುವರು, ಕುಡಿಸುವರು, ಮುಂದಕ್ಕೆ ಕೊಡುವರು. ಆರು ಮನೆ ಸುತ್ತಿ ಐದನೆಯ ದಿನ ಹಿಡಿ ಹುರುಳಿ ತುಂಬಿಸಿಕೊಂಡು ನನ್ನ ಕೊಟ್ಟಿಗೆಗೆ ಬಂದೆ. ಬೀಗಿಕೊಂಡೇ ಬಂದೆ. ನಿಂಗಾಜಮ್ಮ ಹುರುಳಿ ಸುರಿದುಕೊಂಡು, ಒರೆಸಿ, ಪದ್ಯ ಹೇಳುತ್ತ ಶುಕ್ರಿಗೂ ಉಳಿದೆರಡಕ್ಕೂ ಬೇವು ಕುಡಿಸಿದಳು. ಏಳನೆಯ ಮನೆ ನಮ್ಮದೇ.

ನಾಲ್ಕು ದಿನಕ್ಕೆ ಶುಕ್ರಿಯ ಬಾಯಲ್ಲಿ ನೂಲು ಇಳಿಯಿತು. ಗೊರಸಿನ ಸಂದು ಒಡೆಯಿತು. ಒಂದು ಕಾಲು ಊರಿ ಇನ್ನೊಂದನ್ನು ಝಾಡಿಸುತ್ತ ನಿಂತಳು. ಕೆಚ್ಚಲು ಮುಟ್ಟಿಸಿಕೊಳ್ಳಲಿಲ್ಲ. ಕರು ಮಾತ್ರ ಚೆನ್ನಾಗಿಯೇ ಇತ್ತು. ಅದರ ಬಾಯಲ್ಲಿ ಒಂದು ಹುಣ್ಣೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಹಾಲು ಕುಡಿಯಲು ಎರಡು ಹೆಜ್ಜೆ ಓಡಿತು. ಮೂರನೆಯದಕ್ಕೆ ಮುಗ್ಗರಿಸಿ ಬಿತ್ತು, ಮತ್ತೆ ಏಳಲಿಲ್ಲ. ನಿಂಗಾಜಮ್ಮ ಅದರ ಹಣೆಯ ಚುಕ್ಕೆಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಅಂದು ಡೈರಿಗೆ ಯಾರೂ ಹೋಗಲಿಲ್ಲ.

ಮಧ್ಯಾಹ್ನ ದನದ ಆಸ್ಪತ್ರೆಯ ಡಾಕ್ಟ್ರಮ್ಮ ಬಂದರು. ಕರುವನ್ನು ನೋಡಿದರು. "ಈ ರೋಗ ಎಳೆಗರುಗಳ ಹೃದಯಕ್ಕೇ ಬಡಿಯುತ್ತೆ ನಿಂಗಾಜಮ್ಮ. ಬಾಯಿ ನೋಡಿದ್ರೆ ಗೊತ್ತಾಗಲ್ಲ" ಎಂದರು. ಆಮೇಲೆ ಜಗಲಿಯ ಮೇಲೆ ಕುಳಿತು ಕೇಳಿದರು, "ರೋಗ ಮೊದಲು ಬಂದಿದ್ದು ಯಾರ ಮನೇಲಿ? ಆಮೇಲೆ ಯಾರ ಮನೇಲಿ?"

ನಿಂಗಾಜಮ್ಮ ಬೆರಳು ಮಡಿಸುತ್ತ ಹೇಳಿದಳು. "ಮೊದ್ಲು ಮಾಯಣ್ಣನ್ದು. ಆಮೇಕೆ ದ್ಯಾವಮ್ಮಕ್ಕನ್ದು. ಆಮೇಕೆ ಪಕ್ಕದ್ಮನೆ..."

"ನಡುವೆ ಇರೋ ಎರಡು ಮನೆ ಬಿಟ್ಟು ಮೇಲಕ್ಕೆ ಹೆಂಗೆ ಹೋಯ್ತು? ಇವರ ಮನೆಯಿಂದ ಅವರ ಮನೆಗೆ ಏನಾದ್ರೂ ಹೋಗಿತ್ತಾ? ಮೇವು? ಬಕೆಟ್ಟು?"

ನಿಂಗಾಜಮ್ಮನ ಬೆರಳು ಏಳನೆಯದರಲ್ಲಿ ನಿಂತಿತು. ಅವಳು ತಿರುಗಿ ಕಂಬದ ಕಡೆ ನೋಡಿದಳು. ನಾನು ಅವಳನ್ನು ನೋಡಿದೆ. ನಮ್ಮಿಬ್ಬರಿಗೂ ಒಟ್ಟಿಗೇ ತಿಳಿಯಿತು.

"ನಮ್ಮ ಮಾವನ ಗೊಟ್ಟ" ಎಂದಳು. "ತೊಳೀಬಾರ್ದು ಅಂತ ಇತ್ತು."

ಡಾಕ್ಟ್ರಮ್ಮ ಬೈಯಲಿಲ್ಲ. ನನ್ನನ್ನು ಇಳಿಸಿ ಒಳಗೆ ಟಾರ್ಚು ಬಿಟ್ಟು ನೋಡಿದರು. ಒಳಗೋಡೆಗೆ ಎಷ್ಟೋ ಕಾಲದ ಕಷಾಯ, ಜೊಲ್ಲು ಪದರ ಪದರವಾಗಿ ಹಿಡಿದಿತ್ತು. ನಾನು ಕೈಗುಣವೆಂದುಕೊಂಡದ್ದು ಅದೇ. "ಇದೊಂದರಿಂದಲೇ ಅಂತ ಹೇಳಕ್ಕಾಗಲ್ಲ. ಗಾಳೀಲೂ ಬರುತ್ತೆ, ನಮ್ಮ ಕಾಲಲ್ಲೂ ಬರುತ್ತೆ. ಆದರೆ ಇದು ರೋಗಕ್ಕೆ ದಾರಿ ತೋರಿಸಿದೆ" ಎಂದರು. ಪಟಿಕದ ನೀರಿನಲ್ಲಿ ಬಾಯಿ ತೊಳೆಯುವುದನ್ನೂ, ಜೇನುತುಪ್ಪದಲ್ಲಿ ರಾಗಿ ಹಿಟ್ಟು ಕಲಸಿ ನಾಲಗೆಗೆ ಸವರುವುದನ್ನೂ ತೋರಿಸಿಕೊಟ್ಟು ಹೋದರು. "ಬಾಯಿ ಹುಣ್ಣಾಗಿರುವಾಗ ಗೊಟ್ಟ ತೂರಿಸಲೇಬೇಡಿ. ತಾವಾಗಿ ನೆಕ್ಕಲಿ."

ಆ ಸಂಜೆ ನಿಂಗಾಜಮ್ಮ ಆರೂ ಮನೆಗಳ ಬೇಲಿಯಾಚೆ ನಿಂತು ಹೇಳಿ ಬಂದಳಂತೆ, ನಮ್ಮ ಗೊಟ್ಟದಿಂದ ಬಂದಿರಬೇಕು, ತಪ್ಪಾಯಿತು ಎಂದು. ದ್ಯಾವಮ್ಮ ಮಾತ್ರ ಅವಳ ಹಿಂದೆಯೇ ಬಂದು ನಮ್ಮ ಗೇಟಿನ ಹೊರಗೆ ನಿಂತಳು. "ನೀನು ತಂದ್ಕೊಟ್ಯೇನೇ? ನಾನಲ್ವಾ ಓಡ್ಬಂದು ಇಸ್ಕೊಂಡಿದ್ದು? ಕೈ ಬ್ಯಾರೆ ಮುಗ್ದಿದ್ದೆ ಅದ್ಕೆ, ಮುಂಡೇದುಕ್ಕೆ!" ಎಂದು ನನ್ನ ಕಡೆ ಕೈ ತೋರಿಸಿ ಬೈದಳು. ಬೈಸಿಕೊಂಡದ್ದು ಸರಿಯಾಗಿಯೇ ಇತ್ತು.

ನಿಂಗಾಜಮ್ಮ ಒಲೆಗೆ ಹಾಕುತ್ತಾಳೆಂದು ನಾನು ಸಿದ್ಧವಾಗಿದ್ದೆ. ಮಾರನೆಯ ದಿನ ಅವಳು ಹಂಡೆಯಲ್ಲಿ ಸೋಡಾ ಹಾಕಿದ ನೀರು ಕುದಿಸಿ ನನ್ನನ್ನು ಮುಳುಗಿಸಿದಳು. ಹೊತ್ತು ಮುಳುಗುವವರೆಗೂ ಬೇಯಿಸಿದಳು. ತೆಂಗಿನ ನಾರಿನಿಂದ ಒಳಗನ್ನು ಉಜ್ಜಿದಳು, ಮೂರು ದಿನ ಬಿಸಿಲಿಗಿಟ್ಟಳು. ಇಪ್ಪತ್ತೈದು ವರ್ಷದ ಹೆಮ್ಮೆ ಹಂಡೆಯಲ್ಲಿ ಕರಗಿಹೋಯಿತು. ಹೊರಬಂದಾಗ ನಾನು ಹೊಸ ಬಿದಿರಿನ ಹಾಗೆ ಹಗುರವಾಗಿದ್ದೆ. ಒಂದು ವಿಷಯ ಹೇಳುತ್ತೇನೆ: ಪದ್ಯಗಳು ಹೋಗಲಿಲ್ಲ. ಅವು ನೀರಿಗೆ ಕರಗುವಂಥವಲ್ಲ.

ಶುಕ್ರಿ ಬದುಕಿದಳು. ಒಂದು ತಿಂಗಳು ರಾಗಿ ಗಂಜಿ ನೆಕ್ಕಿ ಬದುಕಿದಳು. ಹಾಲು ಮೊದಲಿನಷ್ಟಿಲ್ಲ, ಬಿಸಿಲಿಗೆ ಏದುಸಿರು ಬಿಡುತ್ತಾಳೆ. ಎರಡು ವರ್ಷದ ಮೇಲೆ ಗಬ್ಬ ಕಟ್ಟಿತು. ಈಗ ಅವಳಿಗೆ ತುಂಬು ಗರ್ಭ.

ನಾನು ಈಗಲೂ ಅದೇ ಕಂಬದಲ್ಲಿದ್ದೇನೆ. ನನ್ನೊಳಗೆ ಔಷಧಿಯಿಲ್ಲ, ಮೂರು ಹಸುಗಳ ಲಸಿಕೆಯ ಚೀಟಿಗಳು ಸುತ್ತಿಕೊಂಡಿವೆ. ಆರು ತಿಂಗಳಿಗೊಮ್ಮೆ ಡಾಕ್ಟ್ರಮ್ಮ ಬಂದು ಅವನ್ನು ಎಳೆದು, ತಾರೀಖು ಬರೆದು, ಮತ್ತೆ ತುರುಕುತ್ತಾರೆ. ಆ ದಿನ ಹೊಲದ ಕಡೆ ಒಂದು ದನವೂ ಹೋಗುವುದಿಲ್ಲ. ದ್ಯಾವಮ್ಮನೇ ಬೀದಿ ಬೀದಿಯಲ್ಲಿ ಕೂಗಿ ಎಲ್ಲವನ್ನೂ ಕಟ್ಟಿಸುತ್ತಾಳೆ. ಚೀಟಿ ಕಾಯುವುದೂ ಒಂದು ಉದ್ಯೋಗವೇ. ನನಗೆ ಯಾವ ಬೇಸರವೂ ಇಲ್ಲ.

ಈ ದಿನ ಮಧ್ಯಾಹ್ನ ಗೇಟಿನಲ್ಲಿ ಬೈಕು ನಿಂತಿತು. ನಿಂಗಾಜಮ್ಮನ ಅಣ್ಣ, ಬಿಳಿಗುಂದದ ಪುಟ್ಟಸಿದ್ದ. ಆ ಊರಿಗೆ ರೋಗ ಬಂದ ಸುದ್ದಿ ಅವಳಿಗೆ ಬೆಳಿಗ್ಗೆಯೇ ಫೋನಿನಲ್ಲಿ ತಿಳಿದಿತ್ತು.

"ಅಣ್ಣಾ, ಅಲ್ಲೇ ನಿಂತ್ಕೊ. ಒಳೀಕೆ ಬರಬ್ಯಾಡ."

ಅವನ ಕೈ ಗೇಟಿನ ಮೇಲೆಯೇ ಉಳಿಯಿತು. "ಏನವ್ವಾ ಇದು? ತಂಗಿ ಮನೇಗೆ ಮೈಲಿಗೆ ಆಗ್ಬುಟ್ನಾ ನಾನು?"

"ನೀನಲ್ಲ ಕಣಣ್ಣ. ನಿನ್ನ ಕೆರದಲ್ಲಿ ಅಂಟ್ಕೊಂಡಿರೋ ಕೊಟ್ಟಿಗೆ ಸಗಣಿ. ಶುಕ್ರಿ ದಿನ ತುಂಬವ್ಳೆ." ಅವಳು ಒಂದು ಚೊಂಬು ಮಜ್ಜಿಗೆ ಒಯ್ದು ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದಳು.

ಅವನು ಮಜ್ಜಿಗೆ ಮುಟ್ಟಲಿಲ್ಲ. "ಐದು ರಾಸಲ್ಲಿ ಎರಡು ಜೊಲ್ಲು ಸುರುಸ್ತಾವೆ. ನಿಮ್ಮಾವನ ಗೊಟ್ಟ ಕೊಡು. ನಂಗೊಬ್ಬಂಗೇ ಅಲ್ಲ, ಊರವ್ರೆಲ್ಲ ಕಾಯ್ತಾವ್ರೆ. ಬೇವು ಕಾಯ್ಸಿ ಇಟ್ಕೊಂಡವ್ರೆ."

ಬೇವು ಎಂಬ ಮಾತಿಗೆ ನಿಂಗಾಜಮ್ಮ ಕಣ್ಣು ಮುಚ್ಚಿ ತೆರೆದಳು. "ಡಾಕ್ಟ್ರಮ್ಮಂಗೆ ಫೋನ್ ಮಾಡಿವ್ನಿ, ಸಂಜೇಗೆ ಬತ್ತಾರೆ. ಬಾಯಿಗೆ ಏನೂ ತೂರುಸ್ಬ್ಯಾಡಿ. ಜೇನುತುಪ್ಪದ ಸೀಸೆ ಅದೆ, ತಗೊಂಡೋಗು. ನಾನು ಕಳ್ಕೊಂಡು ಕಲ್ತಿದ್ದು ಕಣಣ್ಣ, ಹೇಳ್ದಂಗೆ ಕೇಳು."

"ರೋಗ ಇಲ್ಲಿಗೆ ಬತ್ತದೆ ಅಂತ ಭಯ ಇದ್ರೆ ಗೊಟ್ಟ ಹಿಂದಕ್ಕೆ ತರಾಕಿಲ್ಲ ಬುಡು. ನಮ್ಮೂರಲ್ಲೇ ಇರ್ಲಿ."

"ನಿಮ್ಮೂರಲ್ಲಿ ಎಷ್ಟು ಮನೆ ಅದೆ?"

"ನಲವತ್ತು."

"ನಲವತ್ತು" ಎಂದಳು ಅವಳು, ನಿಧಾನವಾಗಿ.

ಪುಟ್ಟಸಿದ್ದ ಗೇಟನ್ನು ಎರಡೂ ಕೈಯಲ್ಲಿ ಹಿಡಿದ. "ಹನ್ನೊಂದು ಮೈಲಿ ನಡ್ಸ್ಕೊಂಡು ಬಂದಿದ್ನಲ್ಲೇ ನಿಂಗೀ, ಈ ಶುಕ್ರಿ ಅಜ್ಜಿನ. ಕಾಲಲ್ಲಿ ರಕ್ತ ಬಂದಿತ್ತು ನಂಗೆ. ನಿಮ್ಮಾವ ಒಬ್ಬರಿಗಾದ್ರೂ ಇಲ್ಲ ಅಂದಿದ್ರಾ?"

ನಿಂಗಾಜಮ್ಮ ಕಂಬದ ಹತ್ತಿರ ಬಂದು ನನ್ನನ್ನು ಹುರಿ ಸಮೇತ ಇಳಿಸಿ ಎದೆಗೆ ಒತ್ತಿ ಹಿಡಿದಳು. ಚೀಟಿಗಳು ಒಳಗೆ ಸರಕ್ಕೆಂದವು. ಅವಳ ಎದೆ ಬಡಿದುಕೊಳ್ಳುವುದು ನನ್ನ ಟೊಳ್ಳಿನಲ್ಲೆಲ್ಲ ಕೇಳಿಸಿತು. ಚನ್ನಿಗಪ್ಪನವರ ಕೈ ಹಿಡಿದಷ್ಟೇ ಭದ್ರವಾದ ಹಿಡಿತ. ನಾನು ಈ ಮನೆಗೆ ಬಂದಾಗಿನಿಂದ ನನ್ನನ್ನು ಕೇಳಿ ಬಂದವರಿಗೆ ಯಾರೂ ಇಲ್ಲವೆಂದಿಲ್ಲ. ಕೊಟ್ಟು ಉಳಿಸಿದ ಜೀವಗಳ ಲೆಕ್ಕ ನನಗಿಲ್ಲ, ಕೊಟ್ಟು ಕಳೆದ ಒಂದು ಎಳೆಗರುವಿನ ಹಣೆಯ ಚುಕ್ಕೆ ಮಾತ್ರ ಕಣ್ಣ ಮುಂದಿದೆ. ಚನ್ನಿಗಪ್ಪನವರು ಬದುಕಿದ್ದರೆ, ಯಾರಿಗೂ ಇಲ್ಲ ಅನ್ನಬಾರದೆಂಬ ತಮ್ಮ ಮಾತನ್ನು ತಾವೇ ಇವತ್ತು ಮುರಿಯುತ್ತಿದ್ದರು. ನಾಲಗೆ ಕೊಯ್ಯಬಾರದೆಂದು ನನ್ನ ಅಂಚನ್ನು ತಮ್ಮ ನಾಲಗೆಯಿಂದ ನೋಡಿದವರು ಅವರು. ಮೂಕ ಪ್ರಾಣಿಗೆ ನೋವಾಗಬಾರದೆಂಬ ಆ ಮೊದಲ ಮಾತನ್ನು ಸೊಸೆಯಲ್ಲದೆ ಬೇರೆ ಯಾರು ನಡೆಸಬೇಕು?

"ಕೊನೇ ಸಲ ಕೇಳ್ತೀನಿ" ಎಂದ ಪುಟ್ಟಸಿದ್ದ. "ಕೊಡ್ತೀಯೋ ಇಲ್ವೋ?"

"ಕೊಡಕಿಲ್ಲ ಕಣಣ್ಣ."