ಕ್ಯಾಮೆರಾಕ್ಕೆ ಕೊಟ್ಟ ನಗು

ಪ್ರೇಮಕುಮಾರಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತದೆ ಅಲ್ಲ. ವಸಡಿನ ಕಾಯಿಲೆ ಹಿಡಿದು ಹಲ್ಲುಗಳು ಅಲುಗಾಡತೊಡಗಿದ್ದವು. ಬಾಯಿ ವಾಸನೆ ಎಂದು ಬೆಂಚಿನ ಹುಡುಗಿಯರು ಸರಿದು ಕೂತರು. ಮನೆಯಲ್ಲಿ ಕೇಳಿದಾಗ ತಲೆನೋವು ಎಂದಳು.

ಮದುವೆಯಾಗಿ ಹೊಳೆನರಸೀಪುರಕ್ಕೆ ಬರುವ ಹೊತ್ತಿಗೆ ಮೇಲಿನ ಸಾಲಿನಲ್ಲಿ ಅವಳದೆನ್ನುವ ಹಲ್ಲು ಒಂದೂ ಉಳಿದಿರಲಿಲ್ಲ. ಅಲ್ಲಿದ್ದದ್ದು ಕಟ್ಟಿಸಿದ ಸೆಟ್ಟು. ಕೊಬ್ಬರಿ ವ್ಯಾಪಾರದ ಗಂಡ ಅಮರನಾಥನಿಗೆ ಇದು ಗೊತ್ತಿತ್ತು. ಸೆಟ್ಟು ತೆಗೆದ ಮುಖವನ್ನು ಮಾತ್ರ ಅವನು ಕಂಡವನಲ್ಲ. ಬಚ್ಚಲಿನ ಅಗುಳಿ ಹಾಕಿಕೊಂಡು ಸೆಟ್ಟು ತೊಳೆದು, ಬಾಯಿಗೆ ಕೂರಿಸಿಕೊಂಡೇ ಹೊರಗೆ ಬರುವಳು. ನಕ್ಕರೆ ಎಲ್ಲಿ ಜಾರೀತೋ ಎಂದು ಮೇಲ್ದುಟಿಯನ್ನು ಕೆಳಗೆ ಎಳೆದು ಹಿಡಿದೂ ಹಿಡಿದೂ ಅವಳ ಮುಖವೇ ಹಾಗಾಗಿಬಿಟ್ಟಿತ್ತು. ಸೊಸೆ ಬಲು ಗಂಭೀರ ಎಂದು ಅತ್ತೆ ನೆಂಟರ ಮುಂದೆ ಹೊಗಳುತ್ತಿದ್ದರು.

ಮದುವೆಮನೆಯೊಂದರ ಪಂಕ್ತಿಯಲ್ಲಿ ಸೆಟ್ಟು ಹೋಳಿಗೆಗೆ ಅಂಟಿಕೊಂಡು ಈಚೆ ಬಂತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎಲೆ ಬಿಟ್ಟೆದ್ದಳು. ಮಾರನೇ ವಾರವೇ ಅಮರನಾಥ ಅವಳನ್ನು ಹಾಸನಕ್ಕೆ, ಡಾಕ್ಟರ್ ಮೈತ್ರೇಯಿಯವರ ಬಳಿಗೆ ಕರೆದೊಯ್ದ. ಅದು ಎರಡು ಸಾವಿರದ ಎಂಟನೇ ಇಸವಿ. ದವಡೆಯ ಮೂಳೆಗೇ ಸ್ಕ್ರೂ ಕೂರಿಸಿ, ಇಡೀ ಸಾಲನ್ನು ಕದಲದಂತೆ ಅದರ ಮೇಲೆ ಬಿಗಿಯುವ ಹಲ್ಲು ಈ ಕಡೆಗೆ ಆಗತಾನೆ ಬಂದಿತ್ತು.

ಎರಡು ದಾರಿ ಇದೆ ಎಂದರು ಡಾಕ್ಟರು. ಹಳೆಯದರಲ್ಲಿ ಬಾಯಿಗೆ ಮುದ್ದೆ ಒತ್ತಿ ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡಬೇಕು. ಮನೆಯವರೊಬ್ಬರು ಎದುರಿಗೆ ಕೂತು, ಮಾತಾಡಿಸಿ, ನಗಿಸಿ, ಸರಿ ಎಂದ ಮೇಲೆ ಮುಂದಿನ ಕೆಲಸ. ಹೊಸದರಲ್ಲಿ ದವಡೆಯ ಸ್ಕ್ಯಾನು, ನಗುವಿನ ಫೋಟೊ ಎರಡೂ ಸಿ.ಡಿ.ಯಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋಗುತ್ತವೆ. ಸ್ಕ್ರೂ ಎಲ್ಲಿ, ಹಲ್ಲು ಎಷ್ಟುದ್ದ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲೇ ಗೊತ್ತುಮಾಡುತ್ತಾರೆ.

ಮನೆಯವರು ಎದುರಿಗೆ ಕೂರಬೇಕು ಎಂಬ ಮಾತೊಂದೇ ಪ್ರೇಮಕುಮಾರಿಯ ಕಿವಿಯಲ್ಲಿ ಉಳಿದಿತ್ತು. ಗಂಡ ಬಾಯಿ ತೆರೆಯುವ ಮೊದಲೇ, ಕಂಪ್ಯೂಟರಿನದೇ ಆಗಲಿ ಎಂದಳು.

ಅಮರನಾಥ ಹಿಗ್ಗಿಹೋದ. “ಎಂಟನೇ ಕ್ಲಾಸಾದ್ರೂ ನಮ್ಮೋಳು ಎಂಗೆ ಮುಂದವ್ಳೆ ನೋಡಿ ಮೇಡಂ.”

ಫೋಟೊ ತೆಗೆಯುವಾಗ ಡಾಕ್ಟರು ಅವನನ್ನು ಹೊರಗೆ ಕಳಿಸಿದರು. ಹಲ್ಲಿನ ಮೇಲೆ ಗುಲಾಬಿ ಬಣ್ಣದ ವಸಡನ್ನೂ ಮಾಡಿ ಸೇರಿಸುತ್ತೇವೆ, ಅದು ನಿಮ್ಮ ವಸಡಿಗೆ ಕೂಡುವ ಗೆರೆ ತುಟಿಯ ಮರೆಯಲ್ಲಿರಬೇಕು, ನಕ್ಕಾಗ ತುಟಿ ಎಲ್ಲಿಗೆ ಏರುತ್ತದೋ ಅದನ್ನು ನೋಡಿಯೇ ಮೂಳೆ ತರಿಯುತ್ತೇವೆ, ಆಮೇಲೆ ಬದಲಿಸುವುದು ಕಷ್ಟ ಎಂದು ಬಿಡಿಸಿ ಹೇಳಿ, ನಗಿ ಎಂದರು. ಅವಳು ಎಂದಿನ ಹಾಗೆ ತುಟಿ ಬಿಗಿಹಿಡಿದು ನಕ್ಕಳು.

“ಇದೇ ನಿಮ್ಮ ಪೂರ್ತಿ ನಗುನಾ, ಪ್ರೇಮಾ?”

“ಊಂ ಮೇಡಂ. ನಾನು ನಗೋದೇ ಇಷ್ಟು.”

ಚಿಕ್ಕವಳಿದ್ದಾಗ ನಕ್ಕರೆ ವಸಡೆಲ್ಲ ಕಾಣುತ್ತಿತ್ತು. ಅದು ನೆನಪಿದ್ದೂ ಹೇಳಲಿಲ್ಲ. ಈ ತುಟಿಯನ್ನು ಇನ್ನೊಬ್ಬರೆದುರು ಎತ್ತುವುದಕ್ಕಿಂತ ಸುಳ್ಳು ಸುಲಭವಾಗಿತ್ತು.

ಆಪರೇಷನ್ ಸುಸೂತ್ರವಾಗಿ ನಡೆಯಿತು. ಮೂಳೆ ಸ್ಕ್ರೂ ಹಿಡಿಯುವವರೆಗಿರಲಿ ಎಂದು ಗುಲಾಬಿ ವಸಡು ಸೇರಿದ ಹಂಗಾಮಿ ಸಾಲೊಂದನ್ನು ಬಿಗಿದು ಕಳಿಸಿದರು. ಊತ ಇಳಿದ ಮೇಲೆ ಅವಳು ಗಂಡನ ಪಕ್ಕದಲ್ಲೇ ಕೂತು ಉಣ್ಣತೊಡಗಿದಳು.

ಒಂದು ಬೆಳಿಗ್ಗೆ ಹಳೇಕೋಟೆಯ ರೈತ ಬೋರಪ್ಪ ಮನೆ ಮುಂದಿನ ಅಂಗಡಿಗೆ ತೆಂಗಿನಕಾಯಿ ತಂದಿದ್ದ. ಜೇಬಿನಲ್ಲಿ ಹೊಸ ಮೊಬೈಲು. ಕಾಯೊಂದನ್ನು ಕಿವಿಗೆ ಹಿಡಿದು ನೀರು ಅಲ್ಲಾಡಿಸಿ ನೋಡುತ್ತಿರುವಾಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬೋರಪ್ಪ ಬೆಚ್ಚಿಬಿದ್ದು ಕಾಯಿಗೇ ಕೂಗಿದ:

“ಅಲೋ, ಯಾರಪ್ಪಾ ಅದು?”

ಕಾಫಿ ತಂದ ಪ್ರೇಮಕುಮಾರಿಗೆ ನಗು ಎಲ್ಲಿತ್ತೋ, ಒತ್ತರಿಸಿ ಬಂತು. ಗೋಡೆಗೆ ಒರಗಿ, ತಲೆ ಮೇಲೆತ್ತಿ, ಬಾಯಿತುಂಬ ನಕ್ಕಳು. ಅಮರನಾಥನೂ ನಗುತ್ತಿದ್ದವನು ಅವಳ ಕಡೆ ತಿರುಗಿ ಕಣ್ಣು ಕಿರಿದು ಮಾಡಿದ.

“ಅದೇನ್ಲೇ ಪ್ರೇಮಾ, ಹಲ್ಲಿನ್ ಮೇಲೆ? ಪಟ್ಟಿ ಅಂಟಿಸ್ದಂಗದೆ.”

ಬೋರಪ್ಪನೂ ಕತ್ತು ನೀಡಿ ನೋಡಿದ. ಅವಳ ತುಟಿ ತಾನಾಗಿಯೇ ಕೆಳಗಿಳಿಯಿತು.

ಅಲ್ಲಿಂದ ಅಮರನಾಥ ಅಂಗಡಿಗೆ ಬಂದವರಿಗೆಲ್ಲ ಹೇಳುವುದೇ ಆಯಿತು. ಕಂಪ್ಯೂಟರ್ ನಂಬಿ ಕೆಟ್ಟೆ, ಆ ಡಾಕ್ಟರಿಗೆ ಮಿಷನ್ನಿನ ಶೋಕಿಯೇ ಹೊರತು ಕೆಲಸ ಬಾರದು ಎನ್ನುವನು. ನೆಂಟರಲ್ಲೊಬ್ಬರು ಅದೇ ಡಾಕ್ಟರ ಬಳಿ ಮಗಳನ್ನು ಕರೆದುಕೊಂಡು ಹೋಗುವವರಿದ್ದರು, ಇದನ್ನು ಕೇಳಿ ಹೋಗುವುದನ್ನೇ ಬಿಟ್ಟರು. ಪ್ರೇಮಕುಮಾರಿ ಒಳಗಿನಿಂದ ಕೇಳಿಸಿಕೊಂಡಳು. ಹೇಳಬೇಕೆಂದು ಬಾಗಿಲವರೆಗೆ ಬರುವಳು, ಹಾಗೇ ಒಳಗೆ ಹಿಂತಿರುಗುವಳು.

ಕಾಯಂ ಹಲ್ಲಿನ ಅಳತೆಗೆ ಹಾಸನಕ್ಕೆ ಹೋದಾಗ ಅವನು ಡಾಕ್ಟರಿಗೂ ಅದನ್ನೇ ಮುಖಕ್ಕೆ ಹೇಳಿದ. ಡಾಕ್ಟರು ಅವಳ ಕಡೆ ತಿರುಗಲೂ ಇಲ್ಲ. “ಅವತ್ತು ನಾನು ಇನ್ನೊಂದ್ಸಲ ಕೇಳಬೇಕಿತ್ತು,” ಎಂದರು, ಅಷ್ಟೇ. ಕೃತಕ ವಸಡನ್ನು ಮೇಲಕ್ಕೆ ಬೆಳೆಸಿ ಗೆರೆ ಮುಚ್ಚಬಹುದು, ಆದರೆ ಅದರಡಿ ತೊಳೆಯುವುದು ದಿನಾ ಪಾಡು. ಎಷ್ಟು ಬೆಳೆಸಬೇಕೆಂದು ಈ ಸಲ ಮೇಣದಲ್ಲೇ ನೋಡೋಣ, ನೀವೇ ಎದುರು ಕೂತು ನಗಿಸಿ ಎಂದು ಅವನಿಗೆ ಸ್ಟೂಲು ಹಾಕಿದರು.

ಹಂಗಾಮಿ ಸಾಲು ಬಿಚ್ಚುವಾಗ ಅವಳು ಕಣ್ಣು ಮುಚ್ಚಿಕೊಂಡಳು. ಮೇಣದ ಸಾಲು ಇಟ್ಟ ಮೇಲೆ ಅಮರನಾಥ ಏನೇನೋ ತಮಾಷೆ ಮಾಡಿದ. ಅವಳಿಗೆ ಅಳು ಬರುವುದೊಂದೇ ಬಾಕಿ.

“ಬುಡಿ ಮೇಡಂ,” ಎಂದ ಅವನು. “ನಿಮ್ ಕಂಪ್ಯೂಟ್ರು ಮಾಡಿದ್ ತಪ್ಗೆ ಇವ್ಳನ್ಯಾಕೆ ಗೋಳ್ ಉಯ್ಕೋಬೇಕು?”

ಪ್ರೇಮಕುಮಾರಿ ಕೈಯೆತ್ತಿದಳು. ಎರಡು ಬೆರಳಿಂದ ತನ್ನ ಮೇಲ್ದುಟಿಯನ್ನು ಹಿಡಿದು, ಮೇಣದಾಚೆಗಿನ ಹೊಲಿಗೆ ಗುರುತು, ವಸಡು ಎಲ್ಲ ಕಾಣುವ ಹಾಗೆ, ನಗು ಏರುವಷ್ಟು ಮೇಲಕ್ಕೆತ್ತಿದಳು. ಮಾತು ತೊದಲಿತು.

“ಇಲ್ಲೀಗಂಟ ಬತ್ತದೆ ಮೇಡಂ. ಕಂಪ್ಯೂಟ್ರು ತಪ್ಪಲ್ಲ ರೀ. ಮೇಡಂ ಕೇಳಿದ್ರು. ನಾನೇ ತುಟಿ ಬಿಗಿ ಇಡ್ದು, ಇಷ್ಟೇ ಅಂದೆ.”

ಅಮರನಾಥ ಅರ್ಧ ಎದ್ದಿದ್ದವನು ಹಾಗೇ ಕೂತ. ನೋಡಲೂ ಆಗದೆ, ಮುಖ ತಿರುಗಿಸಲೂ ಆಗದೆ ಅವನ ಕಿವಿ ಕೆಂಪಾಯಿತು. ಡಾಕ್ಟರು ಬಾಗಿ ಮೇಣದ ಮೇಲೆ ಗೆರೆ ಕೊರೆಯತೊಡಗಿದರು. ಅವರು ಸಾಕು ಎನ್ನುವವರೆಗೆ ಅವಳು ತುಟಿ ಬಿಡಲಿಲ್ಲ.